ಟ್ರಾಕ್ಟರಿನ ಪವರ್ ಸ್ಟೀರಿಂಗ್ ಪಂಪಿನ ಸದ್ದು: ಕಾರಣವೂ ಪರಿಹಾರವೂ

ಎತ್ತು ಒಂದು ಹೊತ್ತು ಮೇವು ಬಿಟ್ಟರೆ ಬೇಸಾಯಗಾರನು ಆ ಕ್ಷಣವೇ ಅದರ ಬಾಯಿ, ಗೊರಸುಗಳನ್ನು ಪರೀಕ್ಷಿಸುತ್ತಾನೆ. ಆದರೆ ಎತ್ತಿನ ಸ್ಥಾನದಲ್ಲಿ ನಿಂತಿರುವ ಟ್ರಾಕ್ಟರು ನರಳಿದರೆ, ಯಂತ್ರವೆಂದ ಮೇಲೆ ಸದ್ದು ಸಹಜವೆಂದು ಸುಮ್ಮನಿರತಕ್ಕವರೇ ಹೆಚ್ಚು. ಸದ್ದು ಮಿತಿಮೀರಿದ ತರುವಾಯ ಪಂಪನ್ನೇ ಬದಲಾಯಿಸಿ ಹಣ ಕಳೆದುಕೊಳ್ಳುವುದೂ ಉಂಟು. ಇವೆರಡೂ ತಪ್ಪು.

ಒಂದು ಕಬ್ಬಿನ ಹಂಗಾಮಿನಲ್ಲಿ ಮಂಡ್ಯ ಜಿಲ್ಲೆಯ ನಾಲಾಬಯಲಿನ ಗ್ರಾಮವೊಂದಕ್ಕೆ ಹೋಗಿದ್ದಾಗ, ಅಲ್ಲಿನ ರೈತರೊಬ್ಬರ ಟ್ರಾಕ್ಟರು ಸ್ಟೀರಿಂಗ್ ತಿರುಗಿಸಿದೊಡನೆ ಗೊಂಯ್ ಎಂದು ಮೊರೆಯುತ್ತಿತ್ತು. ಪಂಪು ಕೆಟ್ಟಿದೆಯೆಂದು ಹೊಸದನ್ನು ಹಾಕಿಸಿಯಾಗಿತ್ತು. ಎಂಟು ದಿವಸಗಳಲ್ಲಿ ಸದ್ದು ಮರಳಿ ಬಂದಿತ್ತು. ಎರಡನೆಯ ಪಂಪಿಗಾಗಿ ಅವರು ಸಾಲಕ್ಕೆ ಹೊರಟಿದ್ದರು. ಎಣ್ಣೆಯ ಡಬ್ಬಿಯ ಮುಚ್ಚಳ ತೆಗೆಸಿ ನೋಡಲಾಗಿ ಎಣ್ಣೆಯು ಮಜ್ಜಿಗೆಯಂತೆ ನೊರೆಗಟ್ಟಿತ್ತು. ಡಬ್ಬಿಯಿಂದ ಪಂಪಿಗೆ ಎಣ್ಣೆಯನ್ನೊಯ್ಯುವ ರಬ್ಬರ್ ಹೋಸು ತುದಿಯಲ್ಲಿ ಬಿರಿದು, ಅದರ ಕ್ಲಿಪ್ಪು ಸಡಿಲವಾಗಿತ್ತು. ಹೋಸನ್ನೂ ಕ್ಲಿಪ್ಪನ್ನೂ ಬದಲಾಯಿಸಿ, ಎಣ್ಣೆ ತುಂಬಿ, ಗಾಳಿ ಹೊರಡಿಸಿದ ಮೇಲೆ ಸದ್ದು ನಿಂತಿತು. ದೋಷವು ಪಂಪಿನದಾಗಿರಲಿಲ್ಲ.

ಸದ್ದಿಗೆ ಮೂಲಕಾರಣ

ಪವರ್ ಸ್ಟೀರಿಂಗ್ ಹೊಸ ವಿದ್ಯೆಯೇನಲ್ಲ. ಅಮೆರಿಕದ ಫ್ರಾನ್ಸಿಸ್ ಡೇವಿಸ್ ಎಂಬ ಇಂಜಿನಿಯರು 1926ರಲ್ಲಿ ಇದನ್ನು ಮೋಟಾರಿಗೆ ಅಳವಡಿಸಿ ತೋರಿಸಿದರು. 1951ರಲ್ಲಿ ಕ್ರೈಸ್ಲರ್ ಇಂಪೀರಿಯಲ್ ಕಾರಿನೊಡನೆ ಇದು ಮಾರಾಟಕ್ಕೆ ಬಂದಿತು. ಎಂಜಿನಿನಿಂದ ತಿರುಗುವ ಒಂದು ಪಂಪು ಡಬ್ಬಿಯ ಎಣ್ಣೆಯನ್ನು ಸೇದಿ, ಬಲವಾದ ಒತ್ತಡದಿಂದ ಮುಂದಕ್ಕೆ ನೂಕುತ್ತದೆ. ಆ ಒತ್ತಡವೇ ಮುಂದಿನ ಚಕ್ರಗಳನ್ನು ತಿರುಗಿಸಲು ನೆರವಾಗುವುದು.

ಬಾವಿಯ ಪಂಪ್‌ಸೆಟ್ಟಿನ ಸೇದುವ ಪೈಪು ಗಾಳಿ ಹಿಡಿದರೆ ಏನಾಗುವುದೆಂಬುದನ್ನು ನಮ್ಮ ರೈತರೆಲ್ಲರೂ ಬಲ್ಲರು. ನೀರು ಕಡಿದು ಕಡಿದು ಬರುತ್ತದೆ, ಪಂಪು ಗಡಗಡಿಸುತ್ತದೆ. ಇಲ್ಲಿಯೂ ಹಾಗೆಯೇ. ಎಣ್ಣೆಯು ಅದುಮಿದರೂ ಕುಗ್ಗುವುದಿಲ್ಲ, ಗಾಳಿಯು ಕುಗ್ಗುತ್ತದೆ. ಎಣ್ಣೆಯೊಡನೆ ಸೇರಿದ ಗುಳ್ಳೆಗಳು ಒತ್ತಡಕ್ಕೆ ಸಿಕ್ಕಿ ಕುಸಿದು ಸದ್ದು ಮಾಡುತ್ತವೆ. ಬಹುಕಾಲ ಹೀಗಾದರೆ ಪಂಪಿನ ಒಳಲೋಹವನ್ನು ತಿಂದುಹಾಕುತ್ತವೆ. ಸೇದುವ ಕಡೆಯ ಸೀಳಿನಿಂದ ಎಣ್ಣೆ ಹೊರಕ್ಕೆ ತೊಟ್ಟಿಕ್ಕದಿದ್ದರೂ ಗಾಳಿ ಒಳಕ್ಕೆ ನುಗ್ಗಬಹುದೆಂಬುದನ್ನು ಮುಖ್ಯವಾಗಿ ನೆನಪಿನಲ್ಲಿಡತಕ್ಕದ್ದು.

ಸದ್ದಿನ ಭೇದಗಳು

1. ಎಂಜಿನಿನ ವೇಗದೊಡನೆ ಏರುತ್ತ, ಸ್ಟೀರಿಂಗ್ ತಿರುಗಿಸಿದಾಗ ಹೆಚ್ಚುವ ಮೊರೆತವು ಎಣ್ಣೆಯ ಕೊರತೆ, ಗಾಳಿ ಅಥವಾ ಕಟ್ಟಿದ ಫಿಲ್ಟರಿನ ಗುರುತು.

2. ಕೀಚಲು ಸದ್ದು ಬೆಲ್ಟು ಸಡಿಲವಾಗಿ ಜಾರುವುದರ ಗುರುತು. ಇದು ಕಾರು ಮತ್ತು ಸಾಮಾನು ಗಾಡಿಗಳಲ್ಲಿ ಸಾಮಾನ್ಯ. ಟ್ರಾಕ್ಟರಿನ ಪಂಪು ಅನೇಕವೇಳೆ ಹಲ್ಲುಚಕ್ರದಿಂದ ನಡೆಯುವುದರಿಂದ ಅಲ್ಲಿ ಬೆಲ್ಟಿನ ಪ್ರಶ್ನೆಯಿಲ್ಲ.

3. ಸ್ಟೀರಿಂಗನ್ನು ಒಂದು ಕೊನೆಗೆ ತಿರುಗಿಸಿ ಹಿಡಿದಾಗ ಬರುವ ಬುಸುಗುಟ್ಟುವ ಸದ್ದು ಸಹಜವಾದುದು. ಹೆಚ್ಚಿದ ಒತ್ತಡವನ್ನು ಕವಾಟವು ಬಿಡುತ್ತಿರುತ್ತದೆ. ಹಾಗೆ ಹಿಡಿದೇ ಇದ್ದರೆ ಎಣ್ಣೆ ಕಾಯುತ್ತದೆ.

4. ಸ್ಟೀರಿಂಗ್ ತಿರುಗಿಸದಿದ್ದರೂ ಬಿಡದೆ ಬರುವ ಒರಟಾದ ಗುರುಗುರು ಸದ್ದು ಬೇರಿಂಗಿನ ಸವೆತದಿಂದಾಗಿರಬಹುದು.

ಪರೀಕ್ಷೆಯ ಕ್ರಮ

ಕಡಿಮೆ ವೆಚ್ಚದ್ದನ್ನು ಮೊದಲು ನೋಡತಕ್ಕದ್ದು. ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ, ಎಂಜಿನು ನಿಲ್ಲಿಸಿ, ಮುಚ್ಚಳದ ಸುತ್ತಲಿನ ಧೂಳನ್ನು ಒರೆಸಿ ಎಣ್ಣೆಯ ಮಟ್ಟವನ್ನು ನೋಡಬೇಕು. ಕೆಲವು ಟ್ರಾಕ್ಟರುಗಳಲ್ಲಿ ಸ್ಟೀರಿಂಗಿಗೆ ಪ್ರತ್ಯೇಕ ಡಬ್ಬಿಯಿರುತ್ತದೆ. ಕೆಲವದರಲ್ಲಿ ಗೇರುಪೆಟ್ಟಿಗೆಯ ಎಣ್ಣೆಯೇ ಒದಗುತ್ತದೆ. ಎಣ್ಣೆಯಲ್ಲಿ ನೊರೆ ಕಂಡರೆ ಗಾಳಿ ಸೇರಿದೆ. ಹಾಲಿನಂತೆ ಬೆಳ್ಳಗಿದ್ದು ನಿಂತರೂ ತಿಳಿಯಾಗದಿದ್ದರೆ ನೀರು ಬೆರೆತಿರಬಹುದು. ಮಿನುಗುವ ಲೋಹದ ಪುಡಿಯಿದ್ದರೆ ಒಳಭಾಗಗಳು ಸವೆದಿವೆ. ಈ ಕೊನೆಯ ಸಂದರ್ಭದಲ್ಲಿಯೇ ಪಂಪನ್ನು ಬಿಚ್ಚಿಸಿ ನೋಡಬೇಕಾದುದು. ಹೊಸ ಪಂಪು ಹಾಕುವುದಾದರೆ ಹಳೆಯ ಎಣ್ಣೆಯನ್ನು ಪೂರ್ಣವಾಗಿ ತೆಗೆದು, ಕೊಳವೆಗಳನ್ನು ತೊಳೆದು, ಫಿಲ್ಟರನ್ನು ಬದಲಾಯಿಸತಕ್ಕದ್ದು; ಇಲ್ಲವಾದರೆ ಹಳೆಯ ಪುಡಿಯು ಹೊಸ ಪಂಪನ್ನೂ ಕೆಡಿಸುತ್ತದೆ.

ಎಣ್ಣೆಯ ಜಾತಿಯನ್ನು ಬಣ್ಣ ನೋಡಿ ನಿರ್ಣಯಿಸಕೂಡದು. ಯಂತ್ರದ ಕೈಪಿಡಿಯಲ್ಲಿ ಹೇಳಿದ್ದನ್ನೇ ಹಾಕಬೇಕು. ಬ್ರೇಕ್ ಆಯಿಲನ್ನು ಎಂದಿಗೂ ಹಾಕಬಾರದು. ಅದರಿಂದ ರಬ್ಬರಿನ ಸೀಲುಗಳು ಕೆಡುತ್ತವೆ.

ಗಾಳಿಯನ್ನು ಹೊರಡಿಸುವ ವಿಧಾನ

ಕೈಪಿಡಿಯಲ್ಲಿ ಬೇರೆ ಕ್ರಮ ಹೇಳದಿದ್ದರೆ ಹೀಗೆ ಮಾಡಬಹುದು. ಹಿಂದಿನ ಚಕ್ರಗಳಿಗೆ ಅಡ್ಡಗಟ್ಟೆ ಕೊಟ್ಟು, ಮುಂಭಾಗವನ್ನು ಜಾಕಿಯಿಂದೆತ್ತಿ, ಅಚ್ಚಿನ ಕೆಳಗೆ ಭದ್ರವಾದ ಆಧಾರವಿಡಬೇಕು, ಜಾಕಿಯೊಂದನ್ನೇ ನಂಬಕೂಡದು. ಎಣ್ಣೆಯನ್ನು ಗುರುತಿನವರೆಗೆ ತುಂಬಿ, ಎಂಜಿನು ಹಚ್ಚದೆಯೇ ಸ್ಟೀರಿಂಗನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಹತ್ತಿಪ್ಪತ್ತು ಸಾರಿ ನಿಧಾನವಾಗಿ ತಿರುಗಿಸಬೇಕು. ಮಟ್ಟವಿಳಿದಂತೆಲ್ಲ ಎಣ್ಣೆ ಸೇರಿಸುತ್ತಿರಬೇಕು. ಗುಳ್ಳೆಗಳು ಕಡಿಮೆಯಾದ ತರುವಾಯ ಎಂಜಿನನ್ನು ಕಡಿಮೆ ವೇಗದಲ್ಲಿ ನಡೆಯಿಸಿ, ಕೊನೆಗಳಲ್ಲಿ ತಡೆದು ಹಿಡಿಯದೆ ಮತ್ತೆ ಕೆಲವು ಸಾರಿ ತಿರುಗಿಸಬೇಕು. ನೊರೆ ಉಳಿದಿದ್ದರೆ ಎಂಜಿನು ನಿಲ್ಲಿಸಿ, ಎಣ್ಣೆ ತಿಳಿಯಾಗುವವರೆಗೆ ಬಿಟ್ಟು, ಪುನಃ ಮಾಡಬೇಕು. ಮತ್ತೆ ಮತ್ತೆ ನೊರೆ ಬಂದರೆ ಗಾಳಿ ಸೇರುವ ದಾರಿ ಇನ್ನೂ ಮುಚ್ಚಿಲ್ಲವೆಂದು ತಿಳಿಯತಕ್ಕದ್ದು.

ಎಚ್ಚರಿಕೆ

ಎಂಜಿನು ನಡೆಯುವಾಗ ಒತ್ತಡದ ಕಡೆಯ ಕೊಳವೆಯಲ್ಲಿ ಸೋರಿಕೆಯನ್ನು ಕೈಯಿಂದ ತಡವಿ ಹುಡುಕಕೂಡದು. ಅಲ್ಲಿನ ಒತ್ತಡವು ಚದರ ಅಂಗುಲಕ್ಕೆ 1000 ಪೌಂಡನ್ನು ಮೀರಬಹುದು. ಕೂದಲೆಳೆಯಂಥ ಧಾರೆಯೂ ಚರ್ಮವನ್ನು ಭೇದಿಸಿ ಒಳಹೊಗುತ್ತದೆ. ಗಾಯವು ಮುಳ್ಳು ಚುಚ್ಚಿದಷ್ಟೇ ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗತಕ್ಕದ್ದು. ರಟ್ಟಿನ ತುಂಡನ್ನು ದೂರದಿಂದ ಹಿಡಿದು ಸೋರಿಕೆಯನ್ನು ಕಾಣಬಹುದು.

ಸದ್ದನ್ನು ಅಲಕ್ಷ್ಯ ಮಾಡುವುದರಿಂದಾಗುವ ನಷ್ಟವು ಹಣದ್ದು ಮಾತ್ರವಲ್ಲ. ಕಬ್ಬು ತುಂಬಿದ ಟ್ರೈಲರನ್ನೆಳೆಯುತ್ತ ನಾಲೆಯ ಏರಿಯ ಮೇಲೆ ತಿರುವು ತೆಗೆದುಕೊಳ್ಳುವಾಗ ಸ್ಟೀರಿಂಗ್ ಒಮ್ಮೆಲೇ ಬಿಗಿಯಾದರೆ ಪ್ರಾಣಕ್ಕೇ ಅಪಾಯ. ಆದಕಾರಣ ರೈತ ಬಾಂಧವರು ವಾರಕ್ಕೊಮ್ಮೆ ಎಣ್ಣೆಯ ಮಟ್ಟ, ಹೋಸು, ಕ್ಲಿಪ್ಪುಗಳನ್ನು ನೋಡುವ ರೂಢಿಯನ್ನಿಟ್ಟುಕೊಂಡು, ಪಂಪಿಗೆ ಹಣ ತೆರುವ ಮುನ್ನ ಡಬ್ಬಿಯ ಮುಚ್ಚಳವನ್ನು ತೆಗೆದು ನೋಡಬೇಕೆಂದು ಕೋರುತ್ತೇನೆ.