ಅಂಗಿಯ ಲೆಕ್ಕದಲ್ಲಿ ಅಮ್ಮನ ಪಾಲು

ಬಿ.ಕಾಂ.ನಲ್ಲಿ ಕಾಸ್ಟ್ ಅಕೌಂಟಿಂಗ್ ಓದಿದ್ದೇನೆ, ಒಳ್ಳೆಯ ಅಂಕವೂ ಬಂದಿದೆ. ಆದರೆ ಒಂದು ಅಂಗಿಯ ಬೆಲೆ ನಿಜಕ್ಕೂ ಹೇಗೆ ನಿಗದಿಯಾಗುತ್ತದೆ ಎಂದು ಗೊತ್ತಾಗಿದ್ದು ಕೊನೆಯ ಸೆಮಿಸ್ಟರ್‌ನಲ್ಲಿ, ಬೆಂಗಳೂರಿನ ಒಂದು ಸಿದ್ಧ ಉಡುಪು ರಫ್ತು ಕಂಪನಿಯ ಆಫೀಸಿಗೆ ಇಂಟರ್ನ್‌ಶಿಪ್‌ಗೆ ಹೋದಾಗ. ನನ್ನ ಕೆಲಸ ಎಕ್ಸೆಲ್‌ನಲ್ಲಿ ಕಾಸ್ಟಿಂಗ್ ಶೀಟ್ ತುಂಬುವುದು. ಬಟ್ಟೆಗೆ ಒಂದು ಸಾಲು, ದಾರ, ಗುಂಡಿ, ಲೇಬಲ್‌ಗೆ ಒಂದು, ಪ್ಯಾಕಿಂಗ್‌ಗೆ ಒಂದು, ಬಂದರಿನವರೆಗಿನ ಸಾಗಣೆಗೆ ಇನ್ನೊಂದು. ನಡುವೆ ‘ಸಿ.ಎಂ.’ ಎಂಬ ಸಾಲು. ಕಟಿಂಗ್, ಮೇಕಿಂಗ್ ಎಂದರ್ಥ. ಹೊಲಿಯುವವರ ಸಂಬಳವೆಲ್ಲ ಆ ಸಾಲಿನಲ್ಲೇ ಅಡಗಿರುತ್ತದೆ.

ಆರ್ಡರ್ ಕೊಡುವ ವಿದೇಶಿ ಬ್ರ್ಯಾಂಡಿನವರನ್ನು ಆಫೀಸಿನಲ್ಲಿ ‘ಬಯರ್’ ಎನ್ನುತ್ತಾರೆ. ಬೆಲೆ ಹತ್ತು ಸೆಂಟ್ ಇಳಿಸಿ ಎಂದು ಬಯರ್‌ನಿಂದ ಮೇಲ್ ಬಂತು ಅಂದುಕೊಳ್ಳಿ. ಎಲ್ಲಿ ಇಳಿಸುವುದು? ಬಟ್ಟೆ ಯಾವ ಮಿಲ್‌ನಿಂದ ಬರಬೇಕೆಂದು ಎಷ್ಟೋ ಸಲ ಅವರೇ ಹೇಳಿರುತ್ತಾರೆ, ಅದರ ಬೆಲೆ ಅಲ್ಲಿಗೆ ಮುಗಿದ ಮಾತು. ಲೇಬಲ್, ಗುಂಡಿಯದೂ ಹೆಚ್ಚುಕಡಿಮೆ ಅದೇ ಕತೆ. ಹಿಂಡಲು ಉಳಿಯುವುದು ಸಿ.ಎಂ. ಸಾಲೊಂದೇ. ಆಗುವುದಿಲ್ಲ ಎಂದರೆ ಆರ್ಡರ್ ಬಾಂಗ್ಲಾದೇಶಕ್ಕೋ ವಿಯೆಟ್ನಾಮಿಗೋ ಹೋಗುತ್ತದೆ. ಒಮ್ಮೆ ಅಲ್ಲಿನ ಸೀನಿಯರ್ ಒಬ್ಬರನ್ನು ಕೇಳಿದೆ: ‘ಸರ್, ಏಪ್ರಿಲ್‌ನಲ್ಲಿ ಡಿ.ಎ. ಜಾಸ್ತಿಯಾದರೆ ಒಪ್ಪಿಕೊಂಡ ಆರ್ಡರ್‌ನ ಬೆಲೆಯೂ ಜಾಸ್ತಿಯಾಗುತ್ತಾ?’ ಅವರು ನಕ್ಕು, ‘ಬೆಲೆ ಎಲ್ಲಮ್ಮ ಜಾಸ್ತಿಯಾಗುತ್ತೆ, ಎಫಿಷಿಯನ್ಸಿ ಜಾಸ್ತಿ ಮಾಡಬೇಕು’ ಅಂದರು.

ಎಫಿಷಿಯನ್ಸಿ ಅಂದರೆ ಏನೆಂದು ನನಗೆ ಮನೆಯಲ್ಲೇ ಗೊತ್ತಿತ್ತು. ಅಮ್ಮ ನಮ್ಮ ಮದ್ದೂರು ಕಡೆಯ ಬೇರೊಂದು ಗಾರ್ಮೆಂಟ್ಸ್‌ನಲ್ಲಿ ಟೈಲರ್. ಟೈಲರ್ ಎಂದರೆ ಇಡೀ ಅಂಗಿ ಹೊಲಿಯುವವರಲ್ಲ. ಅಮ್ಮನದು ಕಾಲರ್ ಕೂಡಿಸುವುದೊಂದೇ, ವರ್ಷಗಳಿಂದ. ಇಂತಹ ಪ್ರತಿ ಕೆಲಸಕ್ಕೂ ಎಷ್ಟು ಹೊತ್ತು ಬೇಕೆಂದು ಸ್ಟಾಪ್‌ವಾಚ್ ಹಿಡಿದು ಅಳೆಯುತ್ತಾರೆ. ಅರ್ಧ ನಿಮಿಷ ಎಂದು ಬರೆದರೆ ಗಂಟೆಗೆ 120 ಪೀಸ್. ನೀರು, ಬಾತ್‌ರೂಮು, ದಣಿವು ಇವಕ್ಕೂ ಸಮಯ ಸೇರಿಸಿಯೇ ಲೆಕ್ಕ ಹಾಕಬೇಕು ಎಂದು ಪುಸ್ತಕ ಹೇಳುತ್ತದೆ. ಅಮ್ಮ ಹೇಳುವುದು ಬೇರೆ. ‘ನೀರು ಕುಡುದ್ರೆ ಎದ್ದೋಗ್ಬೇಕಾಯ್ತದೆ, ಅದ್ಕೇ ಕುಡಿಯಕ್ಕೇ ಹೋಗಲ್ಲ ಕಣವ್ವ.’ ಟಾರ್ಗೆಟ್ ತಪ್ಪಿದರೆ ಬೈಯುವುದು ಸೂಪರ್‌ವೈಸರ್. ಅವನ ಬಾಯಿಗೆ ಹೆದರುವ ಯಾರಿಗೂ ಆ ಹತ್ತು ಸೆಂಟಿನ ಮೇಲ್ ಕಾಣುವುದಿಲ್ಲ.

ಇದು ಮದ್ದೂರಿನದಷ್ಟೇ ಗೋಳಲ್ಲ. ಯಾವ ಬಾಂಗ್ಲಾದೇಶದ ಹೆಸರು ಹೇಳಿ ಇಲ್ಲಿ ಬೆಲೆ ಇಳಿಸುತ್ತಾರೋ, ಅಲ್ಲಿಯವರಿಗೆ ಇನ್ನೊಂದು ದೇಶದ ಹೆಸರು ಹೇಳುತ್ತಾರೆ. ಢಾಕಾ ಬಳಿಯ ಸಾವರ್‌ನಲ್ಲಿ ರಾಣಾ ಪ್ಲಾಜಾ ಎಂಬ ಎಂಟು ಅಂತಸ್ತಿನ ಕಟ್ಟಡವಿತ್ತು. 2013ರ ಏಪ್ರಿಲ್ 23ರಂದು ಗೋಡೆಯಲ್ಲಿ ಬಿರುಕು ಕಂಡಿತು. ಕೆಳಗಿದ್ದ ಬ್ಯಾಂಕು ಸಿಬ್ಬಂದಿಯನ್ನು ಮನೆಗೆ ಕಳಿಸಿತು. ಮೇಲಿನ ಗಾರ್ಮೆಂಟ್ಸ್‌ನವರನ್ನು ಮಾತ್ರ ಮರುದಿನ ಕೆಲಸಕ್ಕೆ ಕರೆದರು; ಬಾರದಿದ್ದರೆ ಸಂಬಳ ಹಿಡಿಯುವ ಬೆದರಿಕೆಯಿತ್ತು. ಬೆಳಿಗ್ಗೆಯೇ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತರು. ಅವಶೇಷಗಳಡಿ ಯುರೋಪು, ಅಮೆರಿಕದ ಬ್ರ್ಯಾಂಡುಗಳ ಲೇಬಲ್‌ಗಳು ಸಿಕ್ಕವು. ಅಲ್ಲಿಯವರೆಗೆ ‘ಕಾರ್ಖಾನೆ ನಮ್ಮದಲ್ಲ’ ಎನ್ನುತ್ತಿದ್ದ ಬ್ರ್ಯಾಂಡುಗಳಲ್ಲಿ ಹಲವು ಒಂದೇ ತಿಂಗಳೊಳಗೆ ಕಾರ್ಮಿಕ ಸಂಘಗಳ ಜೊತೆ ಕಟ್ಟಡ ಸುರಕ್ಷತೆಯ ಒಪ್ಪಂದಕ್ಕೆ ಸಹಿ ಹಾಕಿದವು, ಅದೂ ಕಾನೂನಿನ ಬಲವಿರುವ ಒಪ್ಪಂದ. ಮನಸ್ಸು ಮಾಡಿದರೆ ಬ್ರ್ಯಾಂಡನ್ನೂ ಕಟ್ಟಿಹಾಕಬಹುದು ಎಂಬುದಕ್ಕೆ ಇಷ್ಟು ಹೆಣ ಬೀಳಬೇಕಾಯಿತೇ ಎಂದು ಓದುವಾಗ ಸಿಟ್ಟು ಬರುತ್ತದೆ.

ನಮ್ಮಲ್ಲೂ ಎರಡು ಸಲ ಗೆದ್ದಿದ್ದಾರೆ. 2016ರಲ್ಲಿ ಕೇಂದ್ರ ಸರ್ಕಾರ ಪಿ.ಎಫ್. ನಿಯಮ ಬದಲಿಸಿ, ಮಾಲೀಕರು ಕಟ್ಟಿದ ಪಾಲನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂದಿತು. ಗಾರ್ಮೆಂಟ್ಸ್‌ನಲ್ಲಿ 58ರವರೆಗೆ ಹೊಲಿಯುವವರು ಎಷ್ಟು ಜನ? ಕೆಲಸ ಬಿಟ್ಟು ಪಿ.ಎಫ್. ತೆಗೆದು ಸಾಲ ತೀರಿಸುವುದು, ಮತ್ತೆ ಹೊಸದಾಗಿ ಸೇರುವುದು, ಇದೇ ಅವರ ಬ್ಯಾಂಕು. ಏಪ್ರಿಲ್ 18ರಂದು ಬೆಂಗಳೂರಿನ ಹೊಸೂರು ರಸ್ತೆಗೆ ಸಾವಿರಾರು ಹೆಂಗಸರು ಇಳಿದರು. ಮರುದಿನ ಪೀಣ್ಯ, ಜಾಲಹಳ್ಳಿ ಕಡೆಯೂ ರಸ್ತೆ ನಿಂತಿತು. ಮುಂದೆ ನಿಂತು ಕರೆ ಕೊಟ್ಟ ದೊಡ್ಡ ನಾಯಕರಿರಲಿಲ್ಲ. ಬಸ್ಸಿಗೆ ಬೆಂಕಿ, ಲಾಠಿ, ಅಶ್ರುವಾಯು ಎಲ್ಲವೂ ಆಯಿತು. 19ರ ಸಂಜೆಯೊಳಗೆ ಸರ್ಕಾರ ನಿಯಮ ಹಿಂದಕ್ಕೆ ಪಡೆಯಿತು. ನನ್ನ ಪಿಯುಸಿ ಫೀಸು ಬಂದಿದ್ದು ಅಮ್ಮನ ಪಿ.ಎಫ್. ಹಣದಿಂದಲೇ.

ಎರಡನೆಯದು ಡಿ.ಎ. ವಿಷಯ. ಕನಿಷ್ಠ ವೇತನದಲ್ಲಿ ಮೂಲ ವೇತನದ ಜೊತೆಗೆ ತುಟ್ಟಿಭತ್ಯೆಯೂ ಇರುತ್ತದೆ, ಬೆಲೆ ಏರಿಕೆಗೆ ತಕ್ಕಂತೆ ಪ್ರತಿ ಏಪ್ರಿಲ್‌ನಲ್ಲಿ ಅದು ಏರಬೇಕು. 2020ರ ಏಪ್ರಿಲ್‌ನಲ್ಲಿ ಏರಬೇಕಿದ್ದದ್ದು ತಿಂಗಳಿಗೆ 417 ರೂಪಾಯಿ. ಕೊರೊನಾ ನೆಪದಲ್ಲಿ ರಾಜ್ಯ ಸರ್ಕಾರ ಅದನ್ನು ಮುಂದೂಡಿತು. ಹೈಕೋರ್ಟ್ ಕೊಡಬೇಕು ಎಂದ ಮೇಲೂ ಕಾರ್ಖಾನೆಗಳು ಕೊಡಲಿಲ್ಲ. 26 ದಿನಕ್ಕೆ ಹಂಚಿದರೆ ದಿನಕ್ಕೆ 16 ರೂಪಾಯಿ, ಇಷ್ಟಕ್ಕೆ ಯಾಕೆ ಗಲಾಟೆ ಎನ್ನಬಹುದು. ಆದರೆ ಕೆಲಸಗಾರರು ನಾಲ್ಕು ಲಕ್ಷಕ್ಕೂ ಹೆಚ್ಚು. ಗುಣಿಸಿ ನೋಡಿ, ತಿಂಗಳಿಗೆ 16 ಕೋಟಿ ದಾಟುತ್ತದೆ. ಇಲ್ಲಿನ ಗಾರ್ಮೆಂಟ್ ಅಂಡ್ ಟೆಕ್ಸ್‌ಟೈಲ್ ವರ್ಕರ್ಸ್ ಯೂನಿಯನ್ ಹಿಡಿದ ಪಟ್ಟು ಬಿಡಲಿಲ್ಲ. ಅಮೆರಿಕದ ವರ್ಕರ್ ರೈಟ್ಸ್ ಕನ್ಸೋರ್ಷಿಯಂ ನೇರವಾಗಿ ಬ್ರ್ಯಾಂಡುಗಳ ಬಾಗಿಲು ತಟ್ಟಿತು. ವಿದೇಶಿ ಪತ್ರಿಕೆಗಳಲ್ಲಿ ಸುದ್ದಿಯಾಯಿತು. 2022ರ ಆರಂಭದಲ್ಲಿ ದೊಡ್ಡ ಕಂಪನಿಗಳು ಬಾಕಿ ಕೊಡಲು ಒಪ್ಪಿದವು. ನ್ಯಾಯಾಲಯಕ್ಕೆ ಬಗ್ಗದವರು ಬಯರ್‌ಗೆ ಬಗ್ಗಿದರು. ಅಮ್ಮನಿಗೆ ಎಂಟು ಸಾವಿರದಷ್ಟು ಬಂತು.

ಅಮ್ಮನ ಲೈನಿನಲ್ಲಿ ಹೆಚ್ಚಿನವರು ಸಂಬಳದ ಚೀಟಿಯಲ್ಲಿ ಕೊನೆಯ ಅಂಕಿ ಮಾತ್ರ ನೋಡುತ್ತಾರೆ. ನಾವು ಓದಿದವರು ಮಾಡುವುದೂ ಅಷ್ಟೇ; ಮೊದಲ ಕೆಲಸದ ಆಫರ್ ಲೆಟರ್‌ನಲ್ಲಿ ಬೇಸಿಕ್ ಎಷ್ಟು, ಡಿ.ಎ. ಎಷ್ಟು, ಪಿ.ಎಫ್. ಯಾವುದರ ಮೇಲೆ ಎಂದು ನನ್ನ ಗೆಳತಿಯರಲ್ಲಿ ಎಷ್ಟು ಜನ ನೋಡಿದ್ದಾರೋ! ಕನಿಷ್ಠ ವೇತನದ ಅಧಿಸೂಚನೆ ಕಾರ್ಮಿಕ ಇಲಾಖೆಯ ವೆಬ್‌ಸೈಟಿನಲ್ಲಿದೆ, ಪಿ.ಎಫ್. ಪಾಸ್‌ಬುಕ್ ಮೊಬೈಲಿನಲ್ಲೇ ಕಾಣುತ್ತದೆ. ಈಗ ತಿಂಗಳಿಗೊಂದು ಭಾನುವಾರ ಅಕ್ಕಪಕ್ಕದ ಬೀದಿಯ ಏಳೆಂಟು ಜನ ಚೀಟಿ ಹಿಡಿದು ನಮ್ಮ ಜಗಲಿಗೆ ಬರುತ್ತಾರೆ. ಹೋದ ತಿಂಗಳು ಒಬ್ಬ ಅಕ್ಕನಿಗೆ ಆರು ಗಂಟೆಯ ಓ.ಟಿ.ಗೆ ದುಪ್ಪಟ್ಟು ದರ ಹಾಕಿರಲಿಲ್ಲ. ಒಬ್ಬರೇ ಹೋಗಲು ಹೆದರಿದರು. ಸೋಮವಾರ ಊಟದ ಬಿಡುವಿನಲ್ಲಿ ಐವರು ಒಟ್ಟಿಗೆ ಎಚ್.ಆರ್. ಬಳಿ ಹೋಗಿ ಕೇಳಿದರು. ಈ ತಿಂಗಳ ಚೀಟಿಯಲ್ಲಿ ಅದು ಸೇರಿ ಬಂದಿದೆ.