ಸೈಕಲ್ ಪಥ: ಗೆರೆ ಸಾಕೇ, ತಡೆ ಬೇಕೇ?

ನಾಗಮಂಗಲ ತಾಲ್ಲೂಕಿನ ದೇವಲಾಪುರದಂಥ ಊರಿನಲ್ಲಿ ಸೈಕಲ್ ಎಂದರೆ ಮೊದಲು ನೆನಪಾಗುವುದು ಶಾಲೆಗೆ ಹೊರಟ ಮಕ್ಕಳು. 2006-07ರಿಂದ ಎಂಟನೇ ತರಗತಿಯ ಮಕ್ಕಳಿಗೆ ಸರ್ಕಾರ ಉಚಿತವಾಗಿ ಸೈಕಲ್ ಹಂಚಿತು. ಸೈಕಲ್ ಏನೋ ಬಂತು, ಅದಕ್ಕೊಂದು ದಾರಿ ಮಾತ್ರ ಬರಲಿಲ್ಲ.

ಪ್ರತ್ಯೇಕ ಪಥ ಮಾಡಿದರೆ ಅಪಾಯ ನಿಜಕ್ಕೂ ತಗ್ಗುತ್ತದೆಯೇ? ಅಪಘಾತಗಳನ್ನು ಎಣಿಸಿದ ಮಾತ್ರಕ್ಕೆ ಉತ್ತರ ಸಿಗದು. ಪಥ ಬಂದ ಮೇಲೆ ಸವಾರರೂ ಹೆಚ್ಚುತ್ತಾರೆ. ಗಾಯಾಳುಗಳ ಸಂಖ್ಯೆ ಇದ್ದಷ್ಟೇ ಇದ್ದರೂ ಒಬ್ಬೊಬ್ಬರ ಅಪಾಯ ಇಳಿದಿರಬಹುದು. ಕೆನಡಾದ ಟೊರಾಂಟೊ ಮತ್ತು ವ್ಯಾಂಕೂವರ್‌ನ ಸಂಶೋಧಕರು ಇದಕ್ಕೊಂದು ಸೊಗಸಾದ ಉಪಾಯ ಕಂಡುಕೊಂಡರು. ಗಾಯಗೊಂಡು ಆಸ್ಪತ್ರೆಗೆ ಬಂದಿದ್ದ 690 ಸವಾರರಿಂದ ಅವರು ಸೈಕಲ್ ತುಳಿದ ದಾರಿಯನ್ನು ಕೇಳಿ ತಿಳಿದು, ಬಿದ್ದ ಜಾಗವನ್ನು ಅದೇ ದಾರಿಯ ಇನ್ನೊಂದು ಜಾಗದ ಜೊತೆ ಹೋಲಿಸಿದರು. ಸವಾರ ಅವನೇ, ಸೈಕಲ್ ಅದೇ, ಅವತ್ತಿನ ಮಳೆಯೂ ಅದೇ. ಬೇರೆಯಾದದ್ದು ರಸ್ತೆಯ ರಚನೆ ಮಾತ್ರ. 2012ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಬದಿಯಲ್ಲಿ ಕಾರು ನಿಲ್ಲಿಸುವ, ಸೈಕಲ್ ಪಥವಿಲ್ಲದ ದೊಡ್ಡ ರಸ್ತೆಗೆ ಹೋಲಿಸಿದರೆ, ತಡೆಯಿಟ್ಟು ಬೇರ್ಪಡಿಸಿದ ಪಥದಲ್ಲಿ ಅಪಾಯ ಸುಮಾರು ಒಂಬತ್ತರಲ್ಲಿ ಒಂದು ಪಾಲು. ಬರೀ ಬಣ್ಣದ ಗೆರೆಗೆ ಅಷ್ಟು ಬಲ ಇರಲಿಲ್ಲ.

ಕಾರಣ ಶಾಲೆಯ ಭೌತವಿಜ್ಞಾನದಲ್ಲೇ ಇದೆ. ವೇಗ ಎರಡು ಪಟ್ಟಾದರೆ ಡಿಕ್ಕಿಯ ಶಕ್ತಿ ನಾಲ್ಕು ಪಟ್ಟು. ಗಂಟೆಗೆ 60 ಕಿ.ಮೀ. ವೇಗದ ಕಾರು ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ. ಚಾಲಕನ ಕಾಲು ಬ್ರೇಕ್ ಮುಟ್ಟುವಷ್ಟರಲ್ಲೇ ಆ ದೂರ ಮುಗಿದಿರುತ್ತದೆ. ಅಂಥ ಕಾರನ್ನು ಗೆರೆ ಹೇಗೆ ತಡೆದೀತು?

ತಡೆಯಿದ್ದರೂ ಅದು ಕೂಡುರಸ್ತೆಯಲ್ಲಿ ಮುಗಿಯಲೇಬೇಕು. ನೇರ ಹೋಗುವ ಸೈಕಲ್ಲಿಗೆ ಎಡಕ್ಕೆ ತಿರುಗುವ ಬಸ್ಸು ಅಡ್ಡ ಬರುವುದು ಅಲ್ಲೇ. ಸೈಕಲ್ಲಿಗೆ ಹೆಸರಾದ ಕೋಪನ್‌ಹೇಗನ್‌ನಲ್ಲೂ ಹೊಸ ಪಥಗಳು ಬಂದ ಮೇಲೆ ಕೂಡುರಸ್ತೆಗಳಲ್ಲಿ ಗಾಯಗಳು ಹೆಚ್ಚಿದ್ದವು. ತೊಡಕು ಕೂಡುರಸ್ತೆಯಲ್ಲಷ್ಟೇ ಇಲ್ಲ. ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ 2020ರಲ್ಲಿ ಕಂಬಗಳನ್ನು ನೆಟ್ಟು ಪಥ ಮಾಡಿದಾಗ ನನಗೆ ತುಂಬ ಆಸೆ ಹುಟ್ಟಿತ್ತು. ಆದರೆ ಕಂಬ ಮುರಿದ ಕಡೆಯೆಲ್ಲ ಬೈಕುಗಳು ನುಗ್ಗಿದವು. ತಡೆಯನ್ನು ನೆಟ್ಟರೆ ಸಾಲದು, ಕಾಯಲೂ ಬೇಕು.

ನಮ್ಮ ಮಂಡ್ಯ ಜಿಲ್ಲೆಯ ಮಾತಿಗೆ ಬಂದರೆ, ಶ್ರೀರಂಗಪಟ್ಟಣದ ಬಳಿ ಹಾಯುವ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥಕ್ಕೆ 2023ರ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರ್, ಸೈಕಲ್‌ಗಳಿಗೆ ಪ್ರವೇಶವಿಲ್ಲ. ವೇಗದ ಕಾರುಗಳಿಂದ ಸೈಕಲನ್ನು ದೂರವಿಟ್ಟದ್ದು ಸರಿಯೇ. ಆದರೆ ಅವು ಈಗ ಹಿಡಿಯಬೇಕಾದ ಪಕ್ಕದ ಸರ್ವೀಸ್ ರಸ್ತೆ ಸೈಕಲ್ ಪಥವಲ್ಲ. ಅಲ್ಲಿ ಕಬ್ಬು ಹೇರಿದ ಟ್ರ್ಯಾಕ್ಟರ್ ಪಕ್ಕಕ್ಕೆ ಬಂದರೆ ಸೈಕಲ್ಲಿಗೆ ಉಳಿಯುವುದು ಡಾಂಬರಿನ ಅಂಚು.