ಮೂಲೆ ಕತ್ತರಿಸಿದ ಪಾಸ್‌ಪೋರ್ಟು: ಹಲಸೂರಿನ ಅಮ್ಮನಿಗೆ ತಪ್ಪಿದ ಹಡಗು

ಶಿವಾಜಿನಗರ ಬಸ್ ಸ್ಟ್ಯಾಂಡಿನಲ್ಲಿ ಒಂದು ಬಸ್ಸು ತಪ್ಪಿದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಬೈ-ಟು ಕಾಫಿ ಕುಡಿಯುವಷ್ಟರಲ್ಲಿ ಇನ್ನೊಂದು ಬರುತ್ತೆ. ರೈಲು ತಪ್ಪಿದರೆ ಸಂಜೆಗೋ ನಾಳೆಗೋ ಮತ್ತೊಂದು ಉಂಟು. ಆದರೆ ಹಡಗು ತಪ್ಪಿದರೆ? ತಪ್ಪಿತು ಸ್ವಾಮಿ, ಅಷ್ಟೇ. ಕೊಟ್ಟ ದುಡ್ಡೂ ಹೋಯಿತು, ಕಂಡ ಕನಸೂ ಹೋಯಿತು.

‘ಅಲ್ರೀ, ಬೆಂಗಳೂರಿಗೂ ಹಡಗಿಗೂ ಏನ್ರೀ ಸಂಬಂಧ? ನಮಗಿರೋದು ಹಲಸೂರು ಕೆರೆ ಒಂದೇ’ ಅಂತ ನೀವು ನಗಬಹುದು. ನಗಬೇಡಿ. ದಂಡು ಪ್ರದೇಶಕ್ಕೂ ಸಮುದ್ರಕ್ಕೂ ಹಳೇ ನಂಟು. 1864ರಲ್ಲೇ ಕಂಟೋನ್ಮೆಂಟ್ ಸ್ಟೇಷನ್ನಿನಿಂದ ಜೋಲಾರಪೇಟೆಗೆ ರೈಲು ಓಡಿತು. ಅಲ್ಲಿಂದ ಮುಂದೆ ಮದರಾಸು, ಮದರಾಸಿನ ಬಂದರು. ಈ ಕಡೆಯವರು ಹಡಗು ಹತ್ತಿದ್ದು ಇಂದು ನಿನ್ನೆಯ ಮಾತಲ್ಲ.

ಈಗ ಮತ್ತೆ ಹಡಗಿನ ಹುಚ್ಚು ಶುರುವಾಗಿದೆ. 2022ರ ಜೂನ್‌ನಲ್ಲಿ ಚೆನ್ನೈ ಬಂದರಿನಿಂದ ದೊಡ್ಡ ವಿಹಾರದ ಹಡಗು ಹೊರಡಲು ಶುರುವಾಯಿತು. 2023ರ ಜೂನ್ 5ರಂದು ಚೆನ್ನೈನಿಂದ ಶ್ರೀಲಂಕಾದ ಹಂಬನ್‌ತೋಟ, ಟ್ರಿಂಕೋಮಲಿ, ಕಾಂಕೇಸನ್‌ತುರೈ ಬಂದರುಗಳಿಗೆ ವಿಹಾರದ ಹಡಗು ಹೊರಟಿತು. ಅದಾದ ಮೇಲೆ ನೋಡಿ, ಕಮರ್ಷಿಯಲ್ ಸ್ಟ್ರೀಟಿನ ಬಟ್ಟೆ ಅಂಗಡಿಯವರಿಂದ ಹಿಡಿದು ಇಂದಿರಾನಗರದ ಪಿಂಚಣಿದಾರರ ತನಕ ಎಲ್ಲರ ಬಾಯಲ್ಲೂ ‘ಕ್ರೂಸು, ಕ್ರೂಸು’.

ಆ ಹುಚ್ಚಿಗೆ ಸಿಕ್ಕವರಲ್ಲಿ ನಮ್ಮ ಹಲಸೂರಿನ ಒಬ್ಬ ದಿನಸಿ ಅಂಗಡಿ ಯಜಮಾನರೂ ಒಬ್ಬರು. ಹೆಸರು ಬೇಡ ಅಂದಿದ್ದಾರೆ, ಹಾಕುವುದಿಲ್ಲ. ಕಥೆ ಮಾತ್ರ ಬರೀರಿ, ಇನ್ನೊಬ್ಬರಿಗೆ ಹೀಗಾಗಬಾರದು ಅಂದರು.

ಒಂದೇ ಕವರು, ಎರಡು ಪುಸ್ತಕ

ಯಜಮಾನರ ತಾಯಿಗೆ ಎಪ್ಪತ್ತು ದಾಟಿದೆ. ಯಜಮಾನರು ತೀರಿಕೊಂಡ ಮೇಲೆ ಅಂಗಡಿ ಗಲ್ಲಾದಲ್ಲಿ ಕೂತು ಮಕ್ಕಳನ್ನು ದಡ ಸೇರಿಸಿದ ಹೆಂಗಸು. ಒಂದು ಸಲ ಸಿಂಗಪುರಕ್ಕೆ ಮಗಳ ಮನೆಗೆ ವಿಮಾನದಲ್ಲಿ ಹೋಗಿ ಬಂದಿದ್ದರು. ‘ಮೇಲಿಂದ ಸಮುದ್ರ ನೋಡಿದೆ, ನೀಲಿ ಸೀರೆ ಒಣಗಿ ಹಾಕಿದ ಹಾಗಿತ್ತು. ಅದರ ಮೇಲೆ ಒಂದು ಸಲ ಹೋಗಬೇಕಪ್ಪ’ ಅಂತ ಆಗಾಗ ಅನ್ನುತ್ತಿದ್ದರಂತೆ. ಮಗ ಅದನ್ನು ಮನಸ್ಸಿನಲ್ಲಿಟ್ಟುಕೊಂಡು, ಚೀಟಿ ದುಡ್ಡು ಎತ್ತಿ, ಐದು ಜನಕ್ಕೆ ಶ್ರೀಲಂಕಾ ಹಡಗಿನ ಟಿಕೆಟ್ಟು ಮಾಡಿಸಿದರು. ತಾಯಿಯ ಪಾಸ್‌ಪೋರ್ಟಿನ ಹತ್ತು ವರ್ಷದ ಅವಧಿ ಮುಗಿದಿತ್ತು, ಅದನ್ನೂ ಹೊಸದು ಮಾಡಿಸಿದರು.

ಎಡವಟ್ಟು ಆಗಿದ್ದೇ ಅಲ್ಲಿ. ಪಾಸ್‌ಪೋರ್ಟು ಹೊಸದು ಮಾಡಿಸಿದಾಗ ಹಳೇ ಪುಸ್ತಕವನ್ನು ಆಫೀಸಿನವರು ಇಟ್ಟುಕೊಳ್ಳುವುದಿಲ್ಲ. ರದ್ದು ಅಂತ ಮುದ್ರೆ ಹೊಡೆದು, ಮೂಲೆ ಕತ್ತರಿಸಿ ವಾಪಸ್ ಕೊಡುತ್ತಾರೆ. ಮನೆಗೆ ಬಂದ ಮೇಲೆ ಹಳೇದು, ಹೊಸದು ಎರಡೂ ಬೀರುವಿನ ಒಂದೇ ಖಾನೆ ಸೇರಿದವು. ಎರಡಕ್ಕೂ ಒಂದೇ ಬಣ್ಣದ ರೆಗ್ಸಿನ್ ಕವರು. ಕತ್ತರಿಸಿದ ಮೂಲೆ ಕವರಿನೊಳಗೆ ಮುಚ್ಚಿಹೋಯಿತು.

ಹೊರಡುವ ರಾತ್ರಿ ಮನೆ ಜಾತ್ರೆಯಂತಿತ್ತು. ಪುಳಿಯೋಗರೆ ಗೊಜ್ಜು, ಚಕ್ಕುಲಿ ಡಬ್ಬ, ಅಮ್ಮನ ಬಿ.ಪಿ. ಮಾತ್ರೆ, ಮಕ್ಕಳ ಟೋಪಿ ಎಲ್ಲ ನೆನಪಾಯಿತು. ಆಟೋ ಬಂದು ಹಾರನ್ ಹೊಡೆದ ಮೇಲೆ ಯಜಮಾನರು ಬೀರುವಿಗೆ ಕೈ ಹಾಕಿ ಐದು ಪಾಸ್‌ಪೋರ್ಟು ಎಣಿಸಿದರು. ಒಂದು, ಎರಡು, ಮೂರು, ನಾಲ್ಕು, ಐದು. ಎಣಿಕೆ ಸರಿಯಿತ್ತು. ಬಿಚ್ಚಿ ನೋಡಲಿಲ್ಲ.

ಕೆ.ಆರ್. ಪುರದಲ್ಲಿ ರೈಲು ಹತ್ತಿ, ಬೆಳಗಾಗುವುದರೊಳಗೆ ಚೆನ್ನೈ. ಸ್ನಾನ, ತಿಂಡಿ ಮುಗಿಸಿ ಮಧ್ಯಾಹ್ನ ಬಂದರಿನ ಕೌಂಟರಿನ ಮುಂದೆ ನಿಂತಾಗ, ಆಚೆ ಕೂತ ಹುಡುಗಿ ಅಮ್ಮನ ಪಾಸ್‌ಪೋರ್ಟಿನ ಕವರು ತೆಗೆದು, ಮೂಲೆ ನೋಡಿ, ಮೆಲ್ಲಗೆ ತಲೆಯಾಡಿಸಿದಳು.

350 ಕಿಲೋಮೀಟರಿನ ಲೆಕ್ಕ

ಆಮೇಲೆ ಶುರುವಾಯಿತು ಫೋನು. ಹೊಸ ಪುಸ್ತಕ ಹಲಸೂರಿನ ಬೀರುವಿನಲ್ಲಿದೆ. ಹಲಸೂರಿಗೂ ಚೆನ್ನೈ ಬಂದರಿಗೂ ನಡುವೆ ಸುಮಾರು 350 ಕಿ.ಮೀ. ಅಂಗಡಿ ಹುಡುಗ ‘ಅಣ್ಣ, ಬೀಗದ ಕೈ ಎಲ್ಲಿದೆ ಹೇಳಿ, ಬೈಕಲ್ಲೇ ಬಂದ್ಬಿಡ್ತೀನಿ’ ಅಂದ. ಬೈಕಿಗೆ ಎಷ್ಟು ಗಂಟೆ ಬೇಕು? ಕಾರಿನಲ್ಲಿ ಹೊರಟರೂ ಆರೇಳು ಗಂಟೆ. ವಿಮಾನ ಹಾರುವುದು ಒಂದು ಗಂಟೆಯೇ ಇರಬಹುದು, ಆದರೆ ಹಲಸೂರಿನಿಂದ ದೇವನಹಳ್ಳಿ ಕಡೆ ಹೋಗಿ, ತಪಾಸಣೆ ಮುಗಿಸಿ, ಚೆನ್ನೈನಲ್ಲಿ ಇಳಿದು, ಟ್ರಾಫಿಕ್ ದಾಟಿ ಬಂದರು ಸೇರುವ ಹೊತ್ತಿಗೆ ಕತ್ತಲಾಗುತ್ತೆ.

ಹಡಗು ಸಂಜೆಗೆ ಹೊರಡುವುದಾದರೂ ಹತ್ತಿಸಿಕೊಳ್ಳುವುದನ್ನು ಕೆಲವು ಗಂಟೆ ಮೊದಲೇ ನಿಲ್ಲಿಸುತ್ತಾರೆ. ಪ್ರಯಾಣಿಕರ ಪೂರ್ತಿ ಪಟ್ಟಿ ಹಡಗು ಬಿಡುವ ಮುಂಚೆಯೇ ಇಮಿಗ್ರೇಷನ್ ಮತ್ತು ಕಸ್ಟಮ್ಸ್ ಅಧಿಕಾರಿಗಳ ಕೈ ಸೇರಿರಬೇಕು. ಅಲ್ಲಿ ‘ಐದು ನಿಮಿಷ ಅಡ್ಜಸ್ಟ್ ಮಾಡ್ಕೊಳ್ಳಿ ಸಾರ್’ ನಡೆಯುವುದಿಲ್ಲ. ಕಾಗದಪತ್ರ ಸರಿಯಿಲ್ಲದೆ ಹಿಂದೆ ಬಿದ್ದವರಿಗೆ ಟಿಕೆಟ್ಟಿನ ಹಣ ವಾಪಸ್ ಕೊಡದಿರುವುದು ಹಡಗಿನ ಕಂಪನಿಗಳ ಮಾಮೂಲು ಷರತ್ತು. ಟಿಕೆಟ್ಟಿನ ಹಿಂದೆ ಇರುವೆ ಸಾಲಿನಂಥ ಅಕ್ಷರದಲ್ಲಿ ಅದೂ ಅಚ್ಚಾಗಿರುತ್ತೆ. ನಾವು ಓದುವುದಿಲ್ಲ, ಅಷ್ಟೇ.

ಅಮ್ಮ ‘ನೀವೆಲ್ಲ ಹೋಗಿ ಬನ್ನಿ, ನಾನು ಬಸ್ಸಿಗೆ ಹೋಗ್ತೀನಿ’ ಅಂದರು. ಸೊಸೆ ‘ಅತ್ತೆ, ನಾನಿರ್ತೀನಿ’ ಅಂದಳು. ಮಕ್ಕಳು ಅಳತೊಡಗಿದವು. ಕಡೆಗೆ ಹೆಂಡತಿ ಮಕ್ಕಳನ್ನು ಹಡಗು ಹತ್ತಿಸಿ, ಯಜಮಾನರು ತಾಯಿಯ ಜತೆ ಉಳಿದರು. ಎರಡು ಟಿಕೆಟ್ಟು ನೀರಿಗೆ ಬಿತ್ತು.

ಅವತ್ತು ಸಂಜೆ ತಾಯಿ ಮಗ ಮರೀನಾ ಬೀಚಿಗೆ ಹೋದರಂತೆ. ಮಗನಿಗೆ ತಲೆ ಎತ್ತುವುದಕ್ಕಾಗಲಿಲ್ಲ. ತಾಯಿ ಸೀರೆ ನೆರಿಗೆ ಎತ್ತಿ ಹಿಡಿದು, ಪಾದ ಮುಳುಗುವಷ್ಟು ನೀರಿನಲ್ಲಿ ನಿಂತು, ‘ಇಲ್ಲೂ ಅಷ್ಟೇ ಉಪ್ಪು ಕಣಪ್ಪ. ಬಾ, ಮನೆಗೆ ಹೋಗೋಣ’ ಅಂದರು.

ಇದನ್ನು ಹೇಳುವಾಗ ಯಜಮಾನರು ಸಕ್ಕರೆ ಪೊಟ್ಟಣ ಕಟ್ಟುತ್ತಿದ್ದವರು ಕೈ ನಿಲ್ಲಿಸಿದರು. ಒಂದು ಕೆಜಿ ಸಕ್ಕರೆಗೆ ಎರಡು ಸಲ ದಾರ ಸುತ್ತಿದರು.

ಹಿಂದಿನವರು ಹೇಗೆ ಹೋಗುತ್ತಿದ್ದರು?

ರಸೆಲ್ ಮಾರ್ಕೆಟ್ಟಿನ ಆಸುಪಾಸಿನ ಹಿರಿಯರನ್ನು ಕೇಳಿ. 1995ರವರೆಗೆ ಹಜ್ ಯಾತ್ರಿಕರನ್ನು ಬೊಂಬಾಯಿಯಿಂದ ಜೆಡ್ಡಾಕ್ಕೆ ಹಡಗು ಒಯ್ಯುತ್ತಿತ್ತು. ಸುಮಾರು 2,300 ನಾಟಿಕಲ್ ಮೈಲಿ ದಾರಿ. ಒಂದು ಕಡೆಗೇ 12ರಿಂದ 15 ದಿನ. ‘ಅಕ್ಬರ್’ ಅನ್ನುವ ಹಡಗಿನ ಹೆಸರು ಇವತ್ತಿಗೂ ಶಿವಾಜಿನಗರದ ಮುದುಕರ ಬಾಯಲ್ಲಿದೆ. ಯಾತ್ರಿಕರಿಗೆ ಆಗ ಮಾಮೂಲಿ ಪಾಸ್‌ಪೋರ್ಟಿನ ಬದಲು ‘ಪಿಲ್‌ಗ್ರಿಮ್ ಪಾಸ್’ ಎಂಬ ಬೇರೆ ಪುಸ್ತಕ ಇತ್ತು. ಖರ್ಚಿಗೆ ಒಯ್ಯಲು ರಿಸರ್ವ್ ಬ್ಯಾಂಕು 1959ರಲ್ಲಿ ‘ಹಜ್ ನೋಟು’ ಅಂತಲೇ ಹತ್ತು ಮತ್ತು ನೂರು ರೂಪಾಯಿಯ ಬೇರೆ ನೋಟು ತಂದಿತ್ತು.

ಅಂಥ ಯಾತ್ರೆಗೆ ತಂದೆಯನ್ನು ಕಳಿಸಿಕೊಟ್ಟಿದ್ದ ಒಬ್ಬ ಹಿರಿಯರು ನಮಗೆ ಹೇಳಿದ್ದು: ‘ಅಬ್ಬಾಜಾನ್ ಪಾಸು, ಟಿಕೆಟ್ಟು, ಸೂಜಿಮದ್ದಿನ ಸರ್ಟಿಫಿಕೇಟು ಎಲ್ಲ ಒಂದು ಬಟ್ಟೆ ಚೀಲದಲ್ಲಿಟ್ಟು ಕತ್ತಿಗೆ ನೇತು ಹಾಕ್ಕೊಂಡಿದ್ರು. ಪೆಟ್ಟಿಗೆ ಕಳೆದ್ರೆ ಅಲ್ಲಾ ಕೊಡ್ತಾನೆ, ಚೀಲ ಕಳೆದ್ರೆ ಬೊಂಬಾಯಿಂದಾನೇ ವಾಪಸ್ ಅಂತಿದ್ರು.’

ಸ್ವಾತಂತ್ರ್ಯ ಬಂದ ಮೇಲೆ ದಂಡು ಪ್ರದೇಶದ ಎಷ್ಟೋ ಆಂಗ್ಲೋ-ಇಂಡಿಯನ್ ಕುಟುಂಬಗಳು ಇಂಗ್ಲೆಂಡಿಗೆ, ಆಸ್ಟ್ರೇಲಿಯಾಕ್ಕೆ ಹಡಗಿನಲ್ಲೇ ಹೋದವು. ತಾತ ಮುತ್ತಾತ ಯಾರು ಅನ್ನುವುದಕ್ಕೆ ಚರ್ಚಿನ ಜ್ಞಾನಸ್ನಾನದ ದಾಖಲೆಯೇ ಆಧಾರವಾಗಿತ್ತು. ಮೊದಲು ಕಾಗದ, ಆಮೇಲೆ ಟ್ರಂಕು. ಅವರಿಗೆ ಗೊತ್ತಿದ್ದ ಈ ಪಾಠ ನಮಗೆ ಮರೆತುಹೋಗಿದೆ.

‘ಆಧಾರ್ ಇದೆಯಲ್ಲ’ ಅನ್ನೋರಿಗೆ

ಮರೆಯಲು ಒಂದು ಕಾರಣವೂ ಉಂಟು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದಾಗಿನಿಂದ ಬಸ್ಸಿನಲ್ಲಿ ಹೆಂಗಸರು ಆಧಾರ್ ತೋರಿಸಿ ಶೂನ್ಯ ದರದ ಟಿಕೆಟ್ಟು ಪಡೆಯುವ ರೂಢಿಯಾಯಿತು. ರೈಲಿಗೂ ಅದೇ, ಬ್ಯಾಂಕಿಗೂ ಅದೇ. ಹಾಗಾಗಿ ಹಡಗಿಗೂ ಅದೇ ಸಾಕು ಅಂದುಕೊಳ್ಳುತ್ತೇವೆ. ಸಾಲದು ಸ್ವಾಮಿ. ನಮ್ಮ ದೇಶದೊಳಗಿನ ಬಂದರಿಗೆ ಮಾತ್ರ ಹೋಗಿ ಬರುವ ಹಡಗಾದರೆ ಆಧಾರ್, ವೋಟರ್ ಕಾರ್ಡು ಇಂಥ ಸರ್ಕಾರಿ ಗುರುತು ನಡೆಯುತ್ತೆ. ಹಡಗು ಪರದೇಶದ ಒಂದೇ ಒಂದು ಬಂದರು ಮುಟ್ಟಿದರೂ ಪಾಸ್‌ಪೋರ್ಟು ಬೇಕೇ ಬೇಕು. ಅದರ ಜೆರಾಕ್ಸೂ ಅಲ್ಲ, ಮೊಬೈಲಿನ ಫೋಟೋನೂ ಅಲ್ಲ, ಅಸಲಿ ಪುಸ್ತಕ.

ಪುಸ್ತಕ ಇದ್ದರೆ ಸಾಲದು, ಜೀವ ಇರಬೇಕು. ಶ್ರೀಲಂಕಾದಂಥ ದೇಶಗಳು ಪಾಸ್‌ಪೋರ್ಟಿಗೆ ಇನ್ನೂ ಆರು ತಿಂಗಳ ಅವಧಿ ಉಳಿದಿರಬೇಕು ಅನ್ನುತ್ತವೆ. ದೊಡ್ಡವರ ಪಾಸ್‌ಪೋರ್ಟು ಹತ್ತು ವರ್ಷ ಬಾಳುತ್ತೆ. ಚಿಕ್ಕ ಮಕ್ಕಳದು ಐದೇ ವರ್ಷ. ಅಪ್ಪ ಅಮ್ಮನದು ಸರಿಯಿದ್ದು ಮಗುವಿನದು ಮುಗಿದಿರುವ ಮನೆಗಳು ಎಷ್ಟೋ. ವೀಸಾ ಅಥವಾ ಮುಂಗಡ ಅನುಮತಿಯ ನಿಯಮ ಆಗಾಗ ಬದಲಾಗುತ್ತೆ. ಹೋದ ವರ್ಷ ಹೋಗಿ ಬಂದ ಷಡ್ಡಕನ ಮಾತು ನಂಬಬೇಡಿ, ಟಿಕೆಟ್ಟು ಕೊಟ್ಟವರಿಂದ ಬರವಣಿಗೆಯಲ್ಲಿ ಕೇಳಿ ಪಡೆಯಿರಿ.

ಇನ್ನು ಹೆಸರಿನ ಗೋಳು. ನಮ್ಮ ಕಡೆ ಹೆಸರಿಗಿಂತ ಇನಿಷಿಯಲ್ಲೇ ಉದ್ದ. ಆಧಾರ್‌ನಲ್ಲಿ ಬರೀ ಒಂದಕ್ಷರ, ಪಾಸ್‌ಪೋರ್ಟಿನಲ್ಲಿ ಅಪ್ಪನ ಪೂರ್ತಿ ಹೆಸರು. ಒಂದರಲ್ಲಿ ಲಕ್ಷ್ಮಿಗೆ ಇಂಗ್ಲಿಷಿನ ‘ಕೆ’, ‘ಎಸ್’, ಇನ್ನೊಂದರಲ್ಲಿ ‘ಎಕ್ಸ್’. ಟಿಕೆಟ್ಟು ಮಾಡಿಸುವಾಗ ಪಾಸ್‌ಪೋರ್ಟನ್ನು ಮುಂದೆ ಇಟ್ಟುಕೊಂಡು, ಅದರಲ್ಲಿ ಹೇಗಿದೆಯೋ ಹಾಗೇ ಅಕ್ಷರ ಅಕ್ಷರ ಬರೆಸಿ.

ಲಕ್ಷದ್ವೀಪಕ್ಕೆ ಕೊಚ್ಚಿಯಿಂದ ಹಡಗು ಹತ್ತುವವರಿಗೆ ಇನ್ನೊಂದು ಮಾತು. ಅದು ನಮ್ಮ ದೇಶವೇ, ಪಾಸ್‌ಪೋರ್ಟು ಬೇಡ. ಆದರೆ ಪ್ರವೇಶ ಪರವಾನಗಿ ಇಲ್ಲದೆ ಹೊರಗಿನವರು ಅಲ್ಲಿ ಕಾಲಿಡುವಂತಿಲ್ಲ. ಚೆನ್ನೈನಿಂದ ಅಂಡಮಾನಿಗೆ ಹೋಗುವ ಭಾರತೀಯರು ಸರ್ಕಾರಿ ಗುರುತಿನ ಚೀಟಿ ಇಟ್ಟುಕೊಳ್ಳಬೇಕು.

ಪಾಸ್‌ಪೋರ್ಟಿನ ಅವಧಿ ಮುಗಿಯಲು ಒಂದು ವರ್ಷ ಇರುವಾಗಲೇ ಹೊಸದಕ್ಕೆ ಅರ್ಜಿ ಹಾಕಬಹುದು. ನಮ್ಮ ಪೂರ್ವ ಭಾಗದವರಿಗೆ ಮಾರತ್ತಹಳ್ಳಿ ಕಡೆಯ ಹೊರವರ್ತುಲ ರಸ್ತೆಯಲ್ಲೇ ಪಾಸ್‌ಪೋರ್ಟ್ ಸೇವಾ ಕೇಂದ್ರ ಉಂಟು. ಕಾಗದ ಸರಿಯಿದ್ದರೆ ಅರ್ಧ ದಿನದ ಕೆಲಸ. ಆದರೆ ಪೊಲೀಸ್ ಪರಿಶೀಲನೆಗೆ, ಅಂಚೆಯಲ್ಲಿ ಪುಸ್ತಕ ಬರುವುದಕ್ಕೆ ದಿನ ಹಿಡಿಯುತ್ತೆ. ಟಿಕೆಟ್ಟು ಮಾಡಿಸುವ ಮುಂಚೆಯೇ ಇದನ್ನು ಮುಗಿಸಿಕೊಳ್ಳಿ.

ಇಷ್ಟೆಲ್ಲ ನೆನಪಿಡುವುದು ಕಷ್ಟ ಅಂದರೆ ಒಂದೇ ಒಂದು ನೆನಪಿಡಿ. ಹೊರಡುವ ಹಿಂದಿನ ದಿನ, ಆಟೋ ಹಾರನ್ ಹೊಡೆಯುವ ಮುಂಚೆ, ಎಲ್ಲರ ಪಾಸ್‌ಪೋರ್ಟಿನ ಕವರು ಬಿಚ್ಚಿ, ಮುಖ ನೋಡಿ, ತಾರೀಖು ನೋಡಿ, ಗಟ್ಟಿಯಾಗಿ ಓದಿ. ಎಣಿಸಬೇಡಿ, ಓದಿ. ಹಳೇ ಪುಸ್ತಕದಲ್ಲಿ ಯಾವುದಾದರೂ ವೀಸಾ ಇನ್ನೂ ಜೀವಂತ ಇದ್ದರೆ ಹೊಸದರ ಜತೆಗೇ ಇಡಿ. ಇಲ್ಲದಿದ್ದರೆ ಬೇರೆ ಖಾನೆಗೆ ಎತ್ತಿಡಿ. ಆಮೇಲೆ ಎಲ್ಲವನ್ನೂ ಒಂದೇ ಚೀಲಕ್ಕೆ ಹಾಕಿ ಮೈಮೇಲೇ ಇಟ್ಟುಕೊಳ್ಳಿ. ದೊಡ್ಡ ಸೂಟ್‌ಕೇಸನ್ನು ಬಂದರಿನಲ್ಲಿ ಮೊದಲೇ ತೆಗೆದುಕೊಂಡುಬಿಡುತ್ತಾರೆ. ಕಾಗದ ಅದರೊಳಗೆ ಹೋದರೆ ನಿಮ್ಮ ಕೈ ಖಾಲಿ.

ಹಲಸೂರಿನ ಅಮ್ಮ ಈಗ ಏನು ಮಾಡುತ್ತಾರೆ ಗೊತ್ತೇ? ಹೊಸ ಪಾಸ್‌ಪೋರ್ಟನ್ನು ಬೀರುವಿನಲ್ಲಿ ಇಡುವುದೇ ಇಲ್ಲ. ಎಲೆ ಅಡಿಕೆ ಚೀಲದ ಜತೆ ಸದಾ ಕೈಯಲ್ಲೇ. ಮೊನ್ನೆ ಬಸ್ಸಿನಲ್ಲಿ ಕಂಡಕ್ಟರು ಆಧಾರ್ ಕೇಳಿದರೆ ಅದನ್ನೇ ತೆಗೆದು ತೋರಿಸಿದರಂತೆ. ಕಂಡಕ್ಟರು ನಕ್ಕು, ‘ಎಲ್ಲಿಗಮ್ಮ, ಲಂಡನ್ನಿಗಾ?’ ಅಂದ.

‘ಸದ್ಯಕ್ಕೆ ಕೆ.ಆರ್. ಪುರಕ್ಕೆ ಕಣಪ್ಪ’ ಅಂದರು ಅಮ್ಮ. ‘ಇದು 2033ರ ತನಕ ಇದೆ. ಹಡಗು ಎಲ್ಲಿ ಹೋಗುತ್ತೆ?’